ಕಾರು ಒಂದೇ, ಕೂಲಿ ಹಲವು



ಮಡಕಶಿರಾ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಕೂಟ ಮುಗಿದ ಮೇಲೆ ಒಬ್ಬ ತಾಯಿ ನಮ್ಮನ್ನು ತಡೆದು ನಿಲ್ಲಿಸಿ ಕೇಳಿದರು: "ಅಣ್ಣಾ, ಪೆನುಕೊಂಡೆ ಕಡೆ ಕಾರ್ ಫ್ಯಾಕ್ಟ್ರಿಯಾಗೆ ಸೇರ್ಸಿದ್ರೆ ಏಟು ಸಂಬ್ಳ ಬತ್ತದೆ?" ಆಕೆಯ ಮನೆಯವರು ವರ್ಷದಲ್ಲಿ ಅರ್ಧ ಕಾಲ ಕಾಫಿ ತೋಟದ ಲೈನ್‌ಮನೆಯಲ್ಲಿ, ಇನ್ನರ್ಧ ಕಾಲ ಊರಿನಲ್ಲಿ ಬಾಳುವವರು. ಹಿರಿಯ ಮಗ ಐ.ಟಿ.ಐ. ಮುಗಿಸಿ ಮನೆಯಲ್ಲಿದ್ದಾನೆ. ಇನ್ನು ಅವನೂ ಹಣ್ಣು ಕುಯ್ಲಿಗೆ ತೋಟ ಹತ್ತಬೇಕೆ, ಇಲ್ಲವೆ ಫ್ಯಾಕ್ಟರಿ ಬಸ್ಸು ಹತ್ತಬೇಕೆ ಎಂಬುದು ಆ ಮನೆಯ ಚಿಂತೆ.

ನಮಗೆ ಒಡನೆ ಉತ್ತರ ಕೊಡಲಾಗಲಿಲ್ಲ. ಅಲ್ಲೇ ನಿಂತಿದ್ದ ಇಬ್ಬರು ಹುಡುಗರು ತಮ್ಮ ಸಂಬಳದ ಚೀಟಿಗಳನ್ನು ತೋರಿಸಿದರು. ಇಬ್ಬರೂ ಒಂದೇ ಊರಿನವರು. ಕಾರಿನ ಬಿಡಿಭಾಗ ಮಾಡುವ ಒಂದೇ ಶೆಡ್ಡಿನಲ್ಲಿ, ಒಂದೇ ಪಾಳಿಯಲ್ಲಿ, ಅಕ್ಕಪಕ್ಕ ನಿಂತು ದುಡಿಯುವವರು. ಒಬ್ಬನ ಚೀಟಿಯ ಮೇಲೆ ಕಂಪನಿಯ ಹೆಸರಿತ್ತು, ಇನ್ನೊಬ್ಬನದರ ಮೇಲೆ ಗುತ್ತಿಗೆದಾರನ ಹೆಸರಿತ್ತು. ಎರಡನೆಯವನ ಕೈಗೆ ಬರುವ ಹಣ ಮೊದಲನೆಯವನದರ ಅರ್ಧಕ್ಕಿಂತ ಕೊಂಚ ಹೆಚ್ಚು, ಅಷ್ಟೆ. ಆ ತಾಯಿ ಎರಡೂ ಚೀಟಿಗಳನ್ನು ನೋಡಿ, "ಹಂಗಾದ್ರೆ ನನ್ ಮಗ್ನಿಗೆ ಇದ್ರಾಗೆ ಯಾವ್ದು ಸಿಗ್ತದೆ?" ಎಂದು ಕೇಳಿದರು. ಈ ಸಂಚಿಕೆಯಲ್ಲಿ ಆ ಪ್ರಶ್ನೆಗೆ ಉತ್ತರ ಹುಡುಕಲು ಯತ್ನಿಸುತ್ತೇವೆ. ಅದಕ್ಕಾಗಿ ಪೆನುಕೊಂಡೆಯಿಂದ ಹೊರಟು ಒಂದೆರಡು ಪರದೇಶಗಳನ್ನು ಸುತ್ತಿ ಮತ್ತೆ ನಮ್ಮ ಲೈನ್‌ಮನೆಗೇ ಬರಬೇಕಾಗುತ್ತದೆ.

ನಮ್ಮ ಬಾಗಿಲಿಗೆ ಬಂದ ಕಾರ್ಖಾನೆ

ಅನಂತಪುರದ ಸೀಮೆ ಮಳೆ ಕಾಣದ ಸೀಮೆ ಎಂಬುದನ್ನು ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ಕಡಲೆಕಾಯಿ ಬಿತ್ತಿ ಆಕಾಶ ನೋಡುವುದು, ಮಳೆ ಕೈಕೊಟ್ಟರೆ ಬೆಂಗಳೂರಿಗೋ ಮಲೆನಾಡಿಗೋ ಗಂಟು ಕಟ್ಟುವುದು ನಮ್ಮ ತಂದೆ ತಾತಂದಿರಿಂದ ಬಂದ ಬಾಳು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ರಾಯದುರ್ಗ ಆಂಧ್ರಕ್ಕೆ ಸೇರಿತು. ಮಡಕಶಿರಾ ಮೊದಲೇ ಅನಂತಪುರದಲ್ಲಿತ್ತು. 2022ರಲ್ಲಿ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಗಡಿಗೆರೆಗಳು ಬದಲಾದವು, ವಲಸೆ ಮಾತ್ರ ಬದಲಾಗಲಿಲ್ಲ. ರಾಯದುರ್ಗದಲ್ಲಿ ಜೀನ್ಸ್ ಹೊಲಿಗೆ ಬೆಳೆದು ಕೆಲವರಿಗೆ ಅನ್ನವಾಯಿತು. ಉಳಿದವರು ಬಸ್ಸು ಹತ್ತುತ್ತಲೇ ಇದ್ದರು.

ಹೀಗಿರುವಲ್ಲಿ, 2017ರ ಏಪ್ರಿಲ್‌ನಲ್ಲಿ ದಕ್ಷಿಣ ಕೊರಿಯಾದ ಕಿಯಾ ಕಂಪನಿ ಆಂಧ್ರ ಸರಕಾರದೊಡನೆ ಒಪ್ಪಂದ ಮಾಡಿಕೊಂಡು ಪೆನುಕೊಂಡೆ ಬಳಿಯ ಎರ್ರಮಂಚಿಯಲ್ಲಿ 536 ಎಕರೆಯಲ್ಲಿ ಕಾರ್ಖಾನೆ ಕಟ್ಟಲು ಹೊರಟಿತು. ಹೂಡಿಕೆ 110 ಕೋಟಿ ಡಾಲರ್. ವರ್ಷಕ್ಕೆ 3 ಲಕ್ಷ ಕಾರು ಮಾಡುವ ಶಕ್ತಿ. 2019ರ ಆಗಸ್ಟ್‌ನಲ್ಲಿ ಮಾರಾಟದ ಮೊದಲ ಕಾರು ಹೊರಬಂತು. ಅದೇ ಡಿಸೆಂಬರ್‌ನಲ್ಲಿ ಕಾರ್ಖಾನೆ ವಿಧಿಪೂರ್ವಕ ಉದ್ಘಾಟನೆಯಾಯಿತು. 2023ರ ಜುಲೈ ಹೊತ್ತಿಗೆ ಹತ್ತು ಲಕ್ಷದ ಕಾರು ಹೊರಬಿತ್ತು. ಅದರ ಸುತ್ತಲೂ ಬಿಡಿಭಾಗ ಮಾಡುವ ಕಂಪನಿಗಳು ಬಂದವು. ನಮ್ಮ ಮಕ್ಕಳು ಹೆಚ್ಚಾಗಿ ಕೆಲಸ ಹುಡುಕುವುದು ಇಂಥ ಕಂಪನಿಗಳಲ್ಲಿಯೇ.

ಮಳೆಯಿಲ್ಲದ ನಾಡಿಗೆ ಇದು ದೊಡ್ಡ ಸಂಗತಿ. ನಾವು ಅದನ್ನು ಹೀಗಳೆಯುವವರಲ್ಲ. ಊರಿನಿಂದ ಹೋಗಿ ಬರುವ ದೂರದಲ್ಲಿ ದುಡಿಮೆ ಸಿಕ್ಕರೆ ತಂದೆತಾಯಿ, ಹೆಂಡತಿ ಮಕ್ಕಳು ಒಂದೇ ಸೂರಿನಡಿ ಇರಬಹುದು. ಆಂಧ್ರ ಸರಕಾರ 2019ರಲ್ಲಿ ಕಾರ್ಖಾನೆಗಳಲ್ಲಿ ನೂರಕ್ಕೆ 75 ಕೆಲಸ ಸ್ಥಳೀಯರಿಗೇ ಸಿಗಬೇಕೆಂದು ಶಾಸನವನ್ನೂ ಮಾಡಿತು. ಆದರೆ ಆ ಶಾಸನ ಕೆಲಸದ ಮಾತನ್ನು ಹೇಳಿತೇ ಹೊರತು ಕೂಲಿಯ ಮಾತನ್ನು ಹೇಳಲಿಲ್ಲ. ಸ್ಥಳೀಯನಿಗೆ ಕೆಲಸ ಸಿಕ್ಕಿತು ಎಂದರೆ ಸಾಲದು, ಯಾವ ಚೀಟಿಯ ಕೆಲಸ ಸಿಕ್ಕಿತು ಎಂದೂ ಕೇಳಬೇಕು.

ಕೂಲಿಯನ್ನು ಅಳೆಯುವ ಬಗೆ

ಅಮೆರಿಕದಲ್ಲಿ ಕಾರು ಜೋಡಿಸುವವನಿಗೆ ಗಂಟೆಗೆ ಇಷ್ಟು ಡಾಲರ್, ನಮ್ಮಲ್ಲಿ ದಿನಕ್ಕೆ ಇಷ್ಟು ರೂಪಾಯಿ ಎಂದು ಹೋಲಿಸಿ ನಿಟ್ಟುಸಿರು ಬಿಡುವುದರಿಂದ ಪ್ರಯೋಜನವಿಲ್ಲ. ಅಲ್ಲಿ ಬಾಡಿಗೆಯೂ ಡಾಲರ್, ಆಸ್ಪತ್ರೆಯೂ ಡಾಲರ್. ಕೂಲಿಯನ್ನು ಅಳೆಯಲು ಬೇರೆ ಮೂರು ಕೋಲುಗಳಿವೆ, ಅವು ಎಲ್ಲ ದೇಶಕ್ಕೂ ಹೊಂದುತ್ತವೆ. ಮೊದಲನೆಯದು, ಒಂದು ದಿನದ ದುಡಿಮೆಗೆ ಎಷ್ಟು ಸೇರು ಅಕ್ಕಿ ರಾಗಿ ಬರುತ್ತದೆ, ಮತ್ತು ಅದು ಹೋದ ವರ್ಷಕ್ಕಿಂತ ಹೆಚ್ಚಾಯಿತೇ ಕಡಿಮೆಯಾಯಿತೇ ಎಂಬುದು. ಎರಡನೆಯದು, ಒಂದೇ ಕೆಲಸ ಮಾಡುವ ಇಬ್ಬರ ನಡುವೆ ಎಷ್ಟು ಅಂತರವಿದೆ ಎಂಬುದು. ಮೂರನೆಯದು, ಅದೇ ಕೂಲಿಗೆ ಒಂದು ಗಂಟೆಯಲ್ಲಿ ಎಷ್ಟು ಕೆಲಸ ತೆಗೆಯುತ್ತಾರೆ ಎಂಬುದು. ತೋಟದವರಿಗೆ ಈ ಮೂರೂ ಹೊಸದಲ್ಲ. ತುಟ್ಟಿಭತ್ಯೆ, ಚೆಕ್‌ರೋಲಿನ ಆಳು ಮತ್ತು ಹೊರಗಿನ ಆಳು, ದಿನಕ್ಕೆ ಇಷ್ಟು ಕಿಲೋ ಹಣ್ಣು ಎಂಬ ಲೆಕ್ಕ, ಇವೇ ಆ ಮೂರು ಕೋಲುಗಳು.

ಈಗ ಇವನ್ನು ಹಿಡಿದು ಪರದೇಶಗಳ ಕಡೆ ನೋಡೋಣ.

ಅಮೆರಿಕದ ಏರಿಳಿತ

ಕಾರಿನ ಕೂಲಿಯ ಕಥೆ ಶುರುವಾಗುವುದು ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ. ಹೆನ್ರಿ ಫೋರ್ಡ್ ಚಲಿಸುವ ಸಾಲಿನ ಮೇಲೆ ಕಾರು ಜೋಡಿಸುವ ಕ್ರಮ ತಂದಾಗ ಆ ವೇಗ ತಾಳಲಾರದೆ ಜನ ಕೆಲಸ ಬಿಟ್ಟು ಓಡತೊಡಗಿದರು. 1913ರಲ್ಲಿ ಸುಮಾರು 14,000 ಆಳುಗಳ ಲೆಕ್ಕ ತುಂಬಿಸಲು ಆತ 52,000ಕ್ಕೂ ಹೆಚ್ಚು ಮಂದಿಯನ್ನು ಸೇರಿಸಿಕೊಳ್ಳಬೇಕಾಯಿತು. ಆಗ, 1914ರ ಜನವರಿಯಲ್ಲಿ, ಒಂಬತ್ತು ಗಂಟೆಗೆ ಎರಡೂಕಾಲು ಡಾಲರಿನಷ್ಟಿದ್ದ ಕೂಲಿಯನ್ನು ಎಂಟು ಗಂಟೆಗೆ 5 ಡಾಲರ್ ಎಂದು ಸಾರಿದ. ಲೋಕವೇ ಬೆರಗಾಯಿತು. ಆದರೆ ಆ ಐದರಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಲಾಭಾಂಶವೆಂಬ ಹೆಸರಿನಲ್ಲಿತ್ತು, ಷರತ್ತು ಪಾಲಿಸಿದವರಿಗೆ ಮಾತ್ರ ದಕ್ಕುತ್ತಿತ್ತು. ಕಂಪನಿಯ ತನಿಖೆದಾರರು ಕಾರ್ಮಿಕರ ಮನೆಗಳಿಗೆ ಹೋಗಿ ಅಡಿಗೆಮನೆ ಚೊಕ್ಕವೇ, ಕುಡಿಯುತ್ತಾನೆಯೇ, ಉಳಿತಾಯವಿದೆಯೇ ಎಂದು ನೋಡಿ ಬರೆದುಕೊಳ್ಳುತ್ತಿದ್ದರು. ಧಣಿ ತಾನಾಗಿ ಕೊಟ್ಟ ಕೂಲಿ ಹೀಗೆಯೇ. ಕೊಟ್ಟ ಕೈಗೆ ಅದನ್ನು ಹಿಂತೆಗೆಯುವ ಹಕ್ಕೂ ಇರುತ್ತದೆ.

ಹಕ್ಕಾಗಿ ಕೂಲಿ ಬಂದದ್ದು ಸಂಘದಿಂದ. 1936ರ ಡಿಸೆಂಬರ್ 30ರಿಂದ 1937ರ ಫೆಬ್ರವರಿ 11ರವರೆಗೆ, ಕೊರೆಯುವ ಚಳಿಯಲ್ಲಿ, ಫ್ಲಿಂಟ್ ಊರಿನ ಜನರಲ್ ಮೋಟಾರ್ಸ್ ಕಾರ್ಖಾನೆಯೊಳಗೇ ಕಾರ್ಮಿಕರು ಕುಳಿತುಬಿಟ್ಟರು. ಹೆಂಗಸರು ಹೊರಗಿನಿಂದ ಅಡಿಗೆ ಮಾಡಿ ಕಳಿಸಿದರು. ಕೊನೆಗೆ ಕಂಪನಿ ಯು.ಎ.ಡಬ್ಲ್ಯು. ಸಂಘವನ್ನು ಒಪ್ಪಿಕೊಂಡಿತು. 1948ರ ಒಪ್ಪಂದದಲ್ಲಿ ಬೆಲೆ ಏರಿದಂತೆ ಕೂಲಿಯೂ ಏರಬೇಕೆಂಬ ನಿಯಮ ಸೇರಿತು. ಅದು ನಮ್ಮ ತುಟ್ಟಿಭತ್ಯೆಯೇ. ಆಮೇಲೆ ಸುಮಾರು ಮೂವತ್ತು ವರ್ಷ ಅಮೆರಿಕದ ಕಾರು ಕಾರ್ಮಿಕ ಮನೆ ಕಟ್ಟಿದ, ಮಕ್ಕಳನ್ನು ಓದಿಸಿದ, ತಾನು ಮಾಡಿದ ಕಾರನ್ನು ತಾನೇ ಕೊಂಡ.

ಇಳಿತವೂ ಬಂತು. ಜಪಾನಿನ ಕಾರುಗಳ ಪೈಪೋಟಿ ಹೆಚ್ಚಿ ಕಂಪನಿಗಳು ಸೊರಗಿದಾಗ, 2007ರಲ್ಲಿ ಅದೇ ಬಲಿಷ್ಠ ಸಂಘ ಒಂದು ಒಪ್ಪಂದಕ್ಕೆ ಸಹಿ ಹಾಕಿತು. ಒಳಗಿರುವವರಿಗೆ ಗಂಟೆಗೆ ಸುಮಾರು 28 ಡಾಲರ್ ಹಾಗೆಯೇ ಇರಲಿ, ಇನ್ನು ಮುಂದೆ ಬರುವವರಿಗೆ ಸುಮಾರು 14 ಸಾಕು ಎಂಬುದು ಅದರ ಸಾರ. ಸಹಿ ಹಾಕಿದವರಿಗೆ ಒಂದು ಕಾಸೂ ನಷ್ಟವಾಗಲಿಲ್ಲ. ನಷ್ಟವಾದದ್ದು ಇನ್ನೂ ಬಾರದವನಿಗೆ, ಮಾತುಕತೆಯ ಮೇಜಿನ ಬಳಿ ಇಲ್ಲದವನಿಗೆ. 2009ರಲ್ಲಿ ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ದಿವಾಳಿಯೆದ್ದಾಗ ಹಳಬರ ತುಟ್ಟಿಭತ್ಯೆಯೂ ಹೋಯಿತು. ಅದನ್ನು ತಡೆಯಲು ಹೊಸಬರು ಏಕೆ ಕೈ ಎತ್ತಬೇಕು? ಅವರಿಗೆ ಅದರಲ್ಲಿ ಪಾಲೇ ಇರಲಿಲ್ಲವಲ್ಲ. 2008ರಿಂದ ಹದಿನೈದು ವರ್ಷಗಳಲ್ಲಿ, ಬೆಲೆಯೇರಿಕೆ ಕಳೆದು ನೋಡಿದರೆ, ಅಲ್ಲಿನ ಕಾರು ಕಾರ್ಮಿಕನ ಸರಾಸರಿ ಕೂಲಿ ನೂರಕ್ಕೆ 19ರಷ್ಟು ಕುಗ್ಗಿತ್ತು ಎಂದು ಅಲ್ಲಿಯ ಒಂದು ಅಧ್ಯಯನ ಸಂಸ್ಥೆ ಲೆಕ್ಕ ಹಾಕಿದೆ. ಚೀಟಿಯಲ್ಲಿ ಅಂಕಿ ಏರಿತ್ತು, ಗೂಡೆಯಲ್ಲಿ ಅಕ್ಕಿ ಇಳಿದಿತ್ತು.

2023ರ ಸೆಪ್ಟೆಂಬರ್ 15ರಂದು ಅದೇ ಸಂಘ ಮೂರು ದೊಡ್ಡ ಕಂಪನಿಗಳ ಮೇಲೆ ಒಟ್ಟಿಗೇ ಮುಷ್ಕರ ಹೂಡಿತು. ಈ ಸಾರಿ ಮುಂದಿಟ್ಟ ಬೇಡಿಕೆಗಳಲ್ಲಿ ಒಂದು, ಎರಡು ತರದ ಕೂಲಿ ಹೋಗಬೇಕು ಎಂಬುದು. ಸುಮಾರು ಆರು ವಾರಗಳ ನಂತರ ಒಪ್ಪಂದವಾಯಿತು. 2028ರ ಏಪ್ರಿಲ್‌ವರೆಗೆ ನೂರಕ್ಕೆ 25ರಷ್ಟು ಏರಿಕೆ. ಹೆಚ್ಚಿನ ಕೂಲಿ ಗಂಟೆಗೆ 32 ಡಾಲರಿನಿಂದ 40 ದಾಟುವುದು. ತುಟ್ಟಿಭತ್ಯೆ ಮರಳಿ ಬಂತು. ತಾತ್ಕಾಲಿಕರಿಗೆ ಎಲ್ಲರಿಗಿಂತ ಹೆಚ್ಚಿನ ಪ್ರಮಾಣದ ಏರಿಕೆ ಸಿಕ್ಕಿತು. ಸಂಘವೇ ಇಲ್ಲದ ಟೊಯೋಟಾ, ಹೋಂಡಾ, ಹ್ಯುಂಡೈ ಕಾರ್ಖಾನೆಗಳು ಕೂಡ ಕೆಲವೇ ವಾರಗಳಲ್ಲಿ ಅಮೆರಿಕದ ತಮ್ಮ ಆಳುಗಳ ಕೂಲಿ ಏರಿಸಿದವು. ಪಕ್ಕದವನ ಕೂಲಿ ಏರಿದರೆ ನಮ್ಮದೂ ಏರುತ್ತದೆ, ಇಳಿದರೆ ನಮ್ಮದೂ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕಿಯಾದ ತವರಿನಲ್ಲಿ

ಇನ್ನು ನಮ್ಮ ಪೆನುಕೊಂಡೆಗೆ ಬಂದ ಕಂಪನಿಯ ತವರಿಗೆ ಹೋಗೋಣ. ದಕ್ಷಿಣ ಕೊರಿಯಾ ಕೂಡ ಒಂದು ಕಾಲಕ್ಕೆ ಅಗ್ಗದ ಕೂಲಿಯ ನಾಡೇ. ಸೇನಾಡಳಿತದ ಕಾಲದಲ್ಲಿ ಸಂಘ ಕಟ್ಟಿದವನಿಗೆ ಜೈಲೇ ಗತಿ. 1987ರ ಬೇಸಗೆಯಲ್ಲಿ ಜನ ಪ್ರಜಾಪ್ರಭುತ್ವ ಕೇಳಿ ಬೀದಿಗಿಳಿದರು. ಅದರ ಬೆನ್ನಿಗೇ ಉಲ್ಸಾನ್ ನಗರದ ಹ್ಯುಂಡೈ ಕಾರ್ಖಾನೆಗಳಿಂದ ಹಿಡಿದು ನಾಡಿನ ಉದ್ದಗಲಕ್ಕೂ ಮುಷ್ಕರ ಹಬ್ಬಿತು, ಸ್ವತಂತ್ರ ಸಂಘಗಳು ಹುಟ್ಟಿದವು. ಮುಂದಿನ ಹತ್ತು ವರ್ಷಗಳಲ್ಲಿ ಕೊರಿಯಾದ ಕಾರು ಕಾರ್ಮಿಕನ ಬಾಳು ಹಸನಾಯಿತು.

1997ರ ಕೊನೆಗೆ ಹಣದ ಬಿಕ್ಕಟ್ಟು ಬಂತು. 1998ರಲ್ಲಿ ಕಿಯಾ ಕಂಪನಿ ಹ್ಯುಂಡೈ ಕೈಗೆ ಹೋಯಿತು. ಆ ಬಿಕ್ಕಟ್ಟಿನ ನಂತರ ಕಾರ್ಖಾನೆಗಳ ಒಳಗೇ ಗುತ್ತಿಗೆ ಆಳುಗಳ ಸಂಖ್ಯೆ ಬೆಳೆಯಿತು. ಕಾರಿನ ಬಲಗಡೆಯ ಚಕ್ರ ಹಾಕುವವನು ಕಾಯಂ, ಎಡಗಡೆಯ ಚಕ್ರ ಹಾಕುವವನು ಗುತ್ತಿಗೆ ಎಂದು ಅಲ್ಲಿಯ ಕಾರ್ಮಿಕರು ಹೇಳಿಕೊಳ್ಳುತ್ತಾರೆ. ಚಕ್ರ ಎರಡೂ ಒಂದೇ, ಬೋಲ್ಟೂ ಒಂದೇ, ಕೂಲಿ ಮಾತ್ರ ಬೇರೆ. ಮಡಕಶಿರಾದ ನಮ್ಮ ಇಬ್ಬರು ಹುಡುಗರ ಚೀಟಿ ನೆನಪಾಗುವುದಿಲ್ಲವೇ?

ಇಲ್ಲಿ ಒಂದು ನೋವಿನ ಸಂಗತಿ ಹೇಳಬೇಕು. ಕಿಯಾ ಕಾರ್ಮಿಕರ ಸಂಘ 2008ರಲ್ಲಿ ಒಳ್ಳೆಯ ಹೆಜ್ಜೆ ಇಟ್ಟು, ಕಾಯಂ ಮತ್ತು ಗುತ್ತಿಗೆ ಕಾರ್ಮಿಕರನ್ನು ಒಂದೇ ಸಂಘದಲ್ಲಿ ಸೇರಿಸಿಕೊಂಡಿತ್ತು. 2017ರ ಏಪ್ರಿಲ್‌ನಲ್ಲಿ ಅದೇ ಸಂಘ ಮತಕ್ಕೆ ಹಾಕಿ, ನೂರಕ್ಕೆ 70ಕ್ಕೂ ಹೆಚ್ಚು ಮಂದಿಯ ಒಪ್ಪಿಗೆಯಿಂದ ಗುತ್ತಿಗೆಯವರನ್ನು ಹೊರಗಿಟ್ಟಿತು. ಇಲ್ಲಿ ಎರ್ರಮಂಚಿಯ ಒಪ್ಪಂದಕ್ಕೆ ಸಹಿ ಬಿದ್ದ ತಿಂಗಳಲ್ಲೇ, ಅಲ್ಲಿ ಕಾರ್ಮಿಕರು ತಮ್ಮ ಸೋದರರನ್ನು ಬಾಗಿಲಾಚೆಗೆ ಕಳಿಸಿದರು. ಕಂಪನಿ ಹೇಳಿದ್ದಕ್ಕೆ ಆದದ್ದಲ್ಲ, ಕಾರ್ಮಿಕರೇ ಮತ ಹಾಕಿ ಮಾಡಿದ್ದು.

ಹೊರಗೆ ಬಿದ್ದವರು ಸುಮ್ಮನಾಗಲಿಲ್ಲ. ಎರಡು ವರ್ಷಕ್ಕೂ ಮೀರಿ ದುಡಿದ ಒಳಗುತ್ತಿಗೆಯ ಕಾರ್ಮಿಕ ಮೂಲ ಕಂಪನಿಯ ಕಾರ್ಮಿಕನೇ ಎಂದು ಹ್ಯುಂಡೈಯ ಒಬ್ಬ ಗುತ್ತಿಗೆ ಕಾರ್ಮಿಕನ ಮೊಕದ್ದಮೆಯಲ್ಲಿ ಕೊರಿಯಾದ ಸುಪ್ರೀಂ ಕೋರ್ಟು 2010ರ ಜುಲೈನಲ್ಲೇ ಹೇಳಿತ್ತು. 2022ರ ಅಕ್ಟೋಬರ್‌ನಲ್ಲಿ ಹ್ಯುಂಡೈ ಮತ್ತು ಕಿಯಾದ ನಾನೂರಕ್ಕೂ ಹೆಚ್ಚು ಒಳಗುತ್ತಿಗೆ ಕಾರ್ಮಿಕರ ಪರವಾಗಿ ಮತ್ತೆ ತೀರ್ಪು ಬಂತು. 2025ರ ಆಗಸ್ಟ್‌ನಲ್ಲಿ, ಗುತ್ತಿಗೆಯವರ ದುಡಿಮೆಯ ಮೇಲೆ ಹತೋಟಿಯುಳ್ಳ ಮೂಲ ಕಂಪನಿಯೂ ಅವರೊಡನೆ ಮಾತುಕತೆಗೆ ಕೂರಬೇಕೆಂಬ ಶಾಸನವನ್ನು ಆ ದೇಶದ ಸಂಸತ್ತು ಒಪ್ಪಿತು. ತಮ್ಮ ಸೋದರರು ಮುಚ್ಚಿದ ಬಾಗಿಲನ್ನು ಅವರು ಹದಿನೈದು ವರ್ಷ ಕೋರ್ಟು ಅಲೆದು, ಬೀದಿಯಲ್ಲಿ ಕುಳಿತು ತೆರೆಯಬೇಕಾಯಿತು.

ಅಗ್ಗದ ಕೂಲಿಯ ನೆರೆಮನೆ

ಮೆಕ್ಸಿಕೋ ದೇಶ ಅಮೆರಿಕದ ನೆರೆಮನೆ. ಅಲ್ಲಿ ಕೂಲಿ ಅಗ್ಗವೆಂದೇ ದೊಡ್ಡ ಕಂಪನಿಗಳು ಕಾರ್ಖಾನೆ ಕಟ್ಟಿದವು. ಅನೇಕ ಕಡೆ ಸಂಘಗಳಿದ್ದರೂ ಅವು ಧಣಿಗಳ ಜೇಬಿನ ಸಂಘಗಳು. ಕಾರ್ಮಿಕ ಕೆಲಸಕ್ಕೆ ಬರುವ ಮೊದಲೇ ಅವನ ಕೂಲಿಯ ಒಪ್ಪಂದಕ್ಕೆ ಸಹಿ ಬಿದ್ದಿರುತ್ತಿತ್ತು. 2020ರ ಜುಲೈನಲ್ಲಿ ಅಮೆರಿಕ, ಮೆಕ್ಸಿಕೋ, ಕೆನಡಾಗಳ ಹೊಸ ವ್ಯಾಪಾರ ಒಪ್ಪಂದ ಜಾರಿಗೆ ಬಂತು. ಸುಂಕವಿಲ್ಲದೆ ಗಡಿ ದಾಟಬೇಕಾದರೆ ಕಾರಿನ ಮೌಲ್ಯದಲ್ಲಿ ನೂರಕ್ಕೆ 40 ಪಾಲಾದರೂ ಗಂಟೆಗೆ 16 ಡಾಲರ್ ಕೂಲಿ ಕೊಡುವ ಕಡೆ ಆಗಿರಬೇಕು, ಕಾರ್ಮಿಕರು ಗುಪ್ತ ಮತದಿಂದ ತಮ್ಮ ಸಂಘವನ್ನು ಆರಿಸಿಕೊಳ್ಳಬೇಕು ಎಂದು ಅದರಲ್ಲಿ ಬರೆಯಲಾಯಿತು. ನೆರೆಯವನ ಅಗ್ಗದ ಕೂಲಿ ತನ್ನವರ ಕೂಲಿಯನ್ನು ಎಳೆದು ಬೀಳಿಸುತ್ತದೆ ಎಂದು ಅಮೆರಿಕದ ಸರಕಾರಕ್ಕೇ ಮನವರಿಕೆಯಾಗಿತ್ತು.

ಆ ಬಲದಿಂದ ಸಿಲಾವೋ ಊರಿನ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಕಾರ್ಮಿಕರು 2022ರ ಫೆಬ್ರವರಿಯಲ್ಲಿ ಮತ ಹಾಕಿ ಹಳೆಯ ಜೇಬಿನ ಸಂಘವನ್ನು ಕಿತ್ತುಹಾಕಿ, ಒಬ್ಬ ಹೆಣ್ಣುಮಗಳ ಮುಂದಾಳುತನದ ಹೊಸ ಸಂಘವನ್ನು ಆರಿಸಿದರು. ಅದೇ ಮೇ ತಿಂಗಳಲ್ಲಿ ನೂರಕ್ಕೆ 8.5ರಷ್ಟು ಕೂಲಿ ಏರಿತು. ಅಮೆರಿಕದ ಮಟ್ಟಕ್ಕೆ ಅದು ಇನ್ನೂ ಬಲು ದೂರ. ಆದರೂ ಆ ಏರಿಕೆ ಅವರೇ ಆರಿಸಿದವರು ಮೇಜಿನ ಬಳಿ ಕೂತು ತಂದದ್ದು.

ಎಲ್ಲ ಕಡೆಯೂ ಏರಿಕೆಯೇ ಎಂದು ನಾವು ಹೇಳುತ್ತಿಲ್ಲ. ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಕಷ್ಟಕ್ಕೆ ಸಿಕ್ಕಿದಾಗ 2024ರ ಡಿಸೆಂಬರ್‌ನಲ್ಲಿ ಸಂಘ ಕೂಲಿಯೇರಿಕೆಯನ್ನು ಬಿಟ್ಟುಕೊಟ್ಟಿತು. 2030ರೊಳಗೆ 35,000ಕ್ಕೂ ಹೆಚ್ಚು ಕೆಲಸ ಕಡಿಮೆಯಾಗುವುದನ್ನೂ ಒಪ್ಪಿತು. ಪ್ರತಿಯಾಗಿ, ಒಂದು ಕಾರ್ಖಾನೆಯನ್ನೂ ಈಗ ಮುಚ್ಚಬಾರದು, ಯಾರನ್ನೂ ಬಲವಂತದಿಂದ ಹೊರಹಾಕಬಾರದು ಎಂಬ ಮಾತು ಪಡೆಯಿತು. ಬರಗಾಲದಲ್ಲಿ ಎಲ್ಲರೂ ಒಂದೊಂದು ತುತ್ತು ಕಡಿಮೆ ಉಣ್ಣುವುದು ಬೇರೆ, ಕಿರಿಯ ತಮ್ಮನೊಬ್ಬನನ್ನೇ ಉಪವಾಸ ಕೆಡವುವುದು ಬೇರೆ.

ನಮ್ಮ ದೇಶದಲ್ಲಿ

ಹರಿಯಾಣದ ಮಾನೇಸರಿನ ಮಾರುತಿ ಕಾರ್ಖಾನೆಯ ಕಥೆ ಅನೇಕರಿಗೆ ಗೊತ್ತಿರಬಹುದು. 2011ರಲ್ಲಿ ಅಲ್ಲಿಯ ಕಾಯಂ ಕಾರ್ಮಿಕರು ಸ್ವಂತ ಸಂಘಕ್ಕಾಗಿ ಮೂರು ಬಾರಿ ಹೋರಾಡಿದರು. ಆ ಅಕ್ಟೋಬರ್‌ನಲ್ಲಿ ಗುತ್ತಿಗೆಯವರನ್ನು ಮರಳಿ ತೆಗೆದುಕೊಳ್ಳಿ ಎಂದು ಕಾಯಂ ಕಾರ್ಮಿಕರೇ ಕಾರ್ಖಾನೆಯೊಳಗೆ ಕುಳಿತರು. ಇಂಥದು ನಮ್ಮ ದೇಶದಲ್ಲಿ ಅಪರೂಪ. 2012ರ ಜುಲೈ 18ರಂದು ಅಲ್ಲಿ ಗಲಭೆ, ಬೆಂಕಿ. ಒಬ್ಬ ಅಧಿಕಾರಿಯ ಪ್ರಾಣ ಹೋಯಿತು. ಆ ಸಾವಿಗೆ ಯಾವ ಸಮರ್ಥನೆಯೂ ಇಲ್ಲ, ಕೈಯೆತ್ತಿದ ದಿನವೇ ಹೋರಾಟ ಅರ್ಧ ಸೋತಂತೆ. 546 ಕಾಯಂ ಕಾರ್ಮಿಕರೂ ಸುಮಾರು 1,800 ಗುತ್ತಿಗೆಯವರೂ ಕೆಲಸ ಕಳೆದುಕೊಂಡರು. 148 ಮಂದಿ ಜೈಲು ಸೇರಿದರು. 2017ರಲ್ಲಿ ಕೋರ್ಟು 117 ಮಂದಿಯನ್ನು ನಿರ್ದೋಷಿಗಳೆಂದು ಬಿಟ್ಟು, 31 ಮಂದಿಯನ್ನು ದೋಷಿಗಳೆಂದು ತೀರ್ಮಾನಿಸಿ, ಅವರಲ್ಲಿ 13 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅದೇ 2012ರ ಸೆಪ್ಟೆಂಬರ್‌ನಲ್ಲಿ ಉಳಿದ ಕಾಯಂ ಕಾರ್ಮಿಕರ ಸಂಬಳ ಮೂರು ವರ್ಷಗಳಲ್ಲಿ ತಿಂಗಳಿಗೆ ಸರಾಸರಿ ಸುಮಾರು 18,000 ರೂಪಾಯಿ ಏರುವ ಒಪ್ಪಂದವಾಯಿತು. ಕಾಯಂನವರದು ಏರಿತು, ತಾತ್ಕಾಲಿಕರೊಡನೆ ಅಂತರ ಉಳಿಯಿತು. 2025ರ ಜನವರಿಯಲ್ಲಿ ಮಾರುತಿಯ ತಾತ್ಕಾಲಿಕ ಕಾರ್ಮಿಕರು ತಮ್ಮದೇ ಸಂಘ ಕಟ್ಟಿ ಸಮಾನ ಕೆಲಸಕ್ಕೆ ಸಮಾನ ಕೂಲಿ ಕೇಳಿದರು.

ಕರ್ನಾಟಕದ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2020ರ ನವೆಂಬರ್‌ನಿಂದ 2021ರ ಮಾರ್ಚ್‌ವರೆಗೆ ಮುಷ್ಕರ, ಬೀಗಮುದ್ರೆ ನಡೆದವು. ಅಲ್ಲಿ ಕಾರ್ಮಿಕರು ಎತ್ತಿದ ದೊಡ್ಡ ದೂರು ಸಂಬಳದ್ದಲ್ಲ, ಕೆಲಸದ ಹೊರೆಯದು. ನಾವು ಹೇಳಿದ ಮೂರನೆಯ ಕೋಲು ಇದೇ.

"ಕೂಲಿ ಜಾಸ್ತಿ ಕೇಳಿದರೆ ಕಂಪನಿ ಎದ್ದು ಹೋಗುತ್ತದೆ" ಎಂಬ ಅಂಜಿಕೆಯನ್ನೂ ನೋಡೋಣ. ಫೋರ್ಡ್ ಕಂಪನಿ 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಕಾರು ಮಾಡುವುದನ್ನು ನಿಲ್ಲಿಸುವುದಾಗಿ ಹೇಳಿತು. ಅದು ಕೊಟ್ಟ ಕಾರಣ ಹತ್ತು ವರ್ಷಗಳಲ್ಲಿ 200 ಕೋಟಿ ಡಾಲರಿಗೂ ಮೀರಿದ ನಷ್ಟ, ಕಾರು ಮಾರಾಟವಾಗದೆ ಇದ್ದದ್ದು. ಅಮೆರಿಕದ ಕೂಲಿಯ ಮುಂದೆ ನಮ್ಮ ಕೂಲಿ ಏನೂ ಅಲ್ಲದಿದ್ದರೂ ಕಂಪನಿ ನಿಲ್ಲಲಿಲ್ಲ. ಹೋಗುವವನನ್ನು ಅಗ್ಗದ ಕೂಲಿ ಹಿಡಿದಿಡಲಾರದು. ಆದರೆ ಚೆನ್ನೈ ಕಾರ್ಖಾನೆಯಲ್ಲಿ ಸಂಘವಿದ್ದುದರಿಂದ ಕಾಯಂ ಕಾರ್ಮಿಕರು ಚೌಕಾಸಿ ಮಾಡಿ, ಕಂಪನಿ ಮೊದಲು ಹೇಳಿದ್ದಕ್ಕಿಂತ ಹೆಚ್ಚಿನ ಪರಿಹಾರ ಪಡೆದು ಹೊರಬಂದರು.

ಒಟ್ಟು ದೇಶದ ಸಂಘಟಿತ ಕಾರ್ಖಾನೆಗಳಲ್ಲಿ ಈಗ ನೂರು ಕಾರ್ಮಿಕರಲ್ಲಿ 40ಕ್ಕೂ ಹೆಚ್ಚು ಮಂದಿ ಗುತ್ತಿಗೆಯವರೆಂದು ಸರಕಾರದ ಕೈಗಾರಿಕಾ ಸಮೀಕ್ಷೆಯೇ ಹೇಳುತ್ತದೆ. ಆ ತಾಯಿಯ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲಿದೆ.

ತಪ್ಪು ನಮ್ಮದೂ ಹೌದು

ಪರದೇಶದವರ ತಪ್ಪನ್ನು ಎತ್ತಿ ಹೇಳುವ ಮೊದಲು ನಮ್ಮದನ್ನೂ ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಒಂದು ತೋಟದಲ್ಲಿ ಕೂಲಿಯ ಮಾತುಕತೆಗೆ ನಾವೂ ಕುಳಿತಿದ್ದೆವು. ಚೆಕ್‌ರೋಲಿನವರಿಗೆ ಕೇಳಿದಷ್ಟು ಕೊಡುತ್ತೇವೆ, ಕುಯ್ಲಿಗೆ ಮೇಸ್ತ್ರಿ ಕರೆತರುವ ಹೊರಗಿನವರ ಮಾತು ನಿಮಗೆ ಬೇಡ ಎಂದರು. ನಾವು ತಲೆಯಾಡಿಸಿದೆವು. ಅವರು ನಮ್ಮ ಸಂಘದ ಸದಸ್ಯರಲ್ಲ, ಚಂದಾ ಕೊಟ್ಟವರಲ್ಲ, ನಾಲ್ಕು ತಿಂಗಳಿದ್ದು ಹೋಗುವವರು ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಬಟವಾಡೆಯ ದಿನ ಲೈನಿನಲ್ಲಿ ಹಬ್ಬವಾಯಿತು.

ಆಮೇಲೆ ನಡೆದದ್ದನ್ನು ಕೇಳಿ. ಚೆಕ್‌ರೋಲಿನ ಒಬ್ಬ ಮುದುಕ ಕೆಲಸ ಬಿಟ್ಟರೆ ಅವನ ಜಾಗಕ್ಕೆ ಯಾರ ಹೆಸರೂ ಏರಲಿಲ್ಲ. ಅವನ ಮಗನೇ ಮೇಸ್ತ್ರಿಯ ಗುಂಪಿನಲ್ಲಿ ಹೊರಗಿನ ಆಳಾಗಿ ಅದೇ ಸಾಲಿನಲ್ಲಿ ಹಣ್ಣು ಕುಯ್ದ. ನಮ್ಮ ಒಪ್ಪಂದ ಒಳ್ಳೆಯದೇ ಇತ್ತು, ಅದನ್ನು ಅನುಭವಿಸುವವರು ವರ್ಷ ವರ್ಷ ಕಡಿಮೆಯಾಗುತ್ತ ಬಂದರು. ಅಂದು ನಾವು ಬಿಟ್ಟುಕೊಟ್ಟದ್ದು ಹೊರಗಿನವರ ಕೂಲಿ ಎಂದುಕೊಂಡಿದ್ದೆವು. ಬಿಟ್ಟುಕೊಟ್ಟದ್ದು ನಮ್ಮ ಮಕ್ಕಳ ಕೂಲಿ.

ಸಹಿ ಹಾಕುವ ಮೊದಲು

ಮಕ್ಕಳನ್ನು ಫ್ಯಾಕ್ಟರಿಗೆ ಕಳಿಸಬೇಡಿ ಎಂದು ನಾವು ಹೇಳುವುದಿಲ್ಲ. ಕಳಿಸಿ, ಆದರೆ ಕಣ್ಣು ತೆರೆದು ಕಳಿಸಿ.

ಮೊದಲನೆಯದಾಗಿ, ನೇಮಕದ ಕಾಗದ ಕೇಳಿ ಪಡೆಯಿರಿ. 2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನಮ್ಮ 1951ರ ತೋಟ ಕಾರ್ಮಿಕರ ಕಾಯಿದೆಯೂ ಅವುಗಳಲ್ಲೊಂದರೊಳಗೆ ಸೇರಿಹೋಗಿದೆ. ಆ ಸಂಹಿತೆಗಳ ಬಗ್ಗೆ ಸಂಘಗಳಿಗೆ ಆಕ್ಷೇಪಗಳಿವೆ. ಮುಷ್ಕರಕ್ಕೆ 14 ದಿನಗಳ ನೋಟೀಸು ಬೇಕು, 300ಕ್ಕಿಂತ ಕಡಿಮೆ ಆಳುಗಳ ಕಾರ್ಖಾನೆ ಸರಕಾರದ ಅಪ್ಪಣೆಯಿಲ್ಲದೆ ಜನರನ್ನು ತೆಗೆಯಬಹುದು ಎಂಬ ಅಂಶಗಳು ಕಳವಳದವೇ. ಆದರೆ ಪ್ರತಿಯೊಬ್ಬ ಕಾರ್ಮಿಕನಿಗೂ ನೇಮಕದ ಕಾಗದ ಕೊಡಬೇಕೆಂಬ ನಿಯಮವೂ ಅವುಗಳಲ್ಲೇ ಇದೆ. ಅದನ್ನು ಬಿಡಬೇಡಿ. ಕಾಗದ ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ಇದ್ದರೆ ಓದಿ ಹೇಳುವವರ ಬಳಿ ತನ್ನಿ. ಓದದೆ ಸಹಿ ಹಾಕುವುದು ಬೇಡ.

ಎರಡನೆಯದಾಗಿ, ಆ ಕಾಗದದ ಮೇಲೆ ಯಾರ ಹೆಸರಿದೆ, ಕೆಲಸಕ್ಕೆ ಯಾವ ಹೆಸರಿದೆ ನೋಡಿ. ಕಂಪನಿಯೋ ಗುತ್ತಿಗೆದಾರನೋ? ಕಾಯಂ, ನಿಗದಿತ ಅವಧಿ, ಅಪ್ರೆಂಟಿಸ್ ಎಂಬ ಮಾತುಗಳು ಒಂದೇ ಅಲ್ಲ. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಅಪ್ರೆಂಟಿಸ್ ಕಲಿಯುವವನೇ ಹೊರತು ಕಾರ್ಮಿಕನಲ್ಲ. ಅವನಿಗೆ ಸಿಗುವುದು ಸಂಬಳವಲ್ಲ, ಸ್ಟೈಪೆಂಡ್. ನಿಗದಿತ ಅವಧಿಗೆ ಸೇರಿದವನಿಗಾದರೋ ಅದೇ ಕೆಲಸ ಮಾಡುವ ಕಾಯಂ ಕಾರ್ಮಿಕನಿಗಿಂತ ಕಡಿಮೆ ಸೌಲಭ್ಯ ಕೊಡುವಂತಿಲ್ಲ. ಒಂದು ವರ್ಷ ದುಡಿದರೆ ಗ್ರಾಚ್ಯುಟಿಯೂ ಸಲ್ಲಬೇಕು.

ಮೂರನೆಯದಾಗಿ, ಪ್ರತಿ ತಿಂಗಳ ಚೀಟಿಯನ್ನು ಜೋಪಾನವಾಗಿಡಿ. ಪಿ.ಎಫ್. ಕಡಿತವಾದ ಹಣ ಖಾತೆಗೆ ಬಿತ್ತೇ, ಹೆಚ್ಚುಗಂಟೆಗೆ ಎರಡರಷ್ಟು ಕೂಲಿ ಕಟ್ಟಿದರೇ, ಬಸ್ಸಿಗೂ ಊಟಕ್ಕೂ ಎಷ್ಟು ಹಿಡಿದರು ಎಂದು ನೋಡಿ. ನಾಲ್ಕನೆಯದಾಗಿ, ಕೆಲಸ ಕೊಡಿಸುತ್ತೇನೆಂದು ಮುಂಗಡ ಕೇಳುವ ದಲ್ಲಾಳಿಗೆ ಕುರಿ ಮಾರಿ ಹಣ ಕೊಡಬೇಡಿ. ಕೆಲಸಕ್ಕೆ ಸೇರುವ ಮೊದಲೇ ಸಾಲಗಾರನಾದವನು ಒಳಗೆ ಹೋಗಿ ಬಾಯಿ ತೆರೆಯಲಾರ.

ಇದು ಮನೆಯವರು ಮಾಡಬೇಕಾದದ್ದು. ಸಂಘದವರು ಮಾಡಬೇಕಾದದ್ದು ಒಂದೇ. ಸದಸ್ಯತ್ವದ ಪುಸ್ತಕವನ್ನು ಗುತ್ತಿಗೆಯವನಿಗೂ, ಹೊರಗಿನ ಆಳಿಗೂ ತೆರೆದಿಡಬೇಕು. ಬೇಡಿಕೆಯ ಪಟ್ಟಿ ಬರೆಯುವಾಗ ಎಲ್ಲರಿಗಿಂತ ಕಡಿಮೆ ಪಡೆಯುವವನ ಕೂಲಿಯನ್ನು ಮೊದಲ ಸಾಲಿನಲ್ಲಿ ಬರೆಯಬೇಕು. ಇನ್ನೂ ಬಾರದವನ ಕೂಲಿಯನ್ನು ಬಿಟ್ಟುಕೊಡುವ ಯಾವ ಕಾಗದಕ್ಕೂ ಸಹಿ ಹಾಕಬಾರದು. ತೋಟದ ಮುಂದಿನ ಮಾತುಕತೆಯಲ್ಲಿ ಹೊರಗಿನ ಆಳುಗಳಿಂದಲೂ ಒಬ್ಬರನ್ನು, ಸಾಧ್ಯವಾದರೆ ಒಬ್ಬ ಹೆಣ್ಣುಮಗಳನ್ನು, ನಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳಲು ನಾವು ತೀರ್ಮಾನಿಸಿದ್ದೇವೆ. ಈ ತೀರ್ಮಾನ ಎಲ್ಲರಿಗೂ ಹಿಡಿಸಿಲ್ಲ. ಚಂದಾ ಕೊಡುವವರು ನಾವು, ಲಾಭ ಅವರಿಗೇಕೆ ಎಂದು ಕೇಳಿದವರಿದ್ದಾರೆ. ಅವರಿಗೆ ಕೊಡಲು ನಮ್ಮ ಬಳಿ ಇರುವುದು ಆ ಮುದುಕನ ಮಗನ ಕಥೆಯೊಂದೇ.

ಆ ತಾಯಿಗೆ ನಮ್ಮ ಉತ್ತರ ಇಷ್ಟು: ಅಮ್ಮಾ, ನಿಮ್ಮ ಮಗನಿಗೆ ಯಾವ ಚೀಟಿ ಸಿಗುತ್ತದೆ ಎಂಬುದನ್ನು ಅವನ ಐ.ಟಿ.ಐ. ಅಂಕಗಳೊಂದೇ ತೀರ್ಮಾನಿಸುವುದಿಲ್ಲ. ಒಳ್ಳೆಯ ಚೀಟಿ ಹಿಡಿದ ಆ ಮೊದಲನೆಯ ಹುಡುಗ ಪಕ್ಕದವನ ಚೀಟಿಯನ್ನು ತನ್ನದೆಂದು ನೋಡುತ್ತಾನೆಯೇ ಇಲ್ಲವೇ ಎಂಬುದರ ಮೇಲೂ ಅದು ನಿಂತಿದೆ. ಅವನು ಅಂದು ಕೂಟದಲ್ಲಿ ತನ್ನ ಚೀಟಿಯನ್ನು ಮುಚ್ಚಿಡದೆ ಎಲ್ಲರ ಮುಂದೆ ಹಿಡಿದ. ಮುಂದಿನ ಕೂಟಕ್ಕೆ ಎಲ್ಲರೂ ನಿಮ್ಮ ನಿಮ್ಮ ಚೀಟಿ ತನ್ನಿ. ತೋಟದ್ದೂ ಇರಲಿ, ಫ್ಯಾಕ್ಟರಿಯದೂ ಇರಲಿ. ಒಂದೇ ಚಾಪೆಯ ಮೇಲೆ ಎಲ್ಲವನ್ನೂ ಹರವಿ ಕೂತು ಓದೋಣ.